ಕಾಲುವೆ ನೋಡುತ್ತಿದ್ದ ಪಾಸ್ಟರು

ಶಹಾಪುರದ ನಮ್ಮ ಚರ್ಚಿಗೆ ಬಂದ ಪಾಸ್ಟರು ಬೆಳೆದದ್ದು ಬೇರೆ ಪಂಥದಲ್ಲಿ. ತಿಳಿವಳಿಕೆ ಬಂದವರು ಪೂರ್ತಿ ನೀರಿನಲ್ಲಿ ಮುಳುಗಿ ಎದ್ದರೆ ಮಾತ್ರ ದೀಕ್ಷಾಸ್ನಾನ ಎಂಬುದು ಅವರ ನಂಬಿಕೆ. ನಮ್ಮಲ್ಲಿ ಕೂಸಿನ ಹಣೆಗೆ ನಾಲ್ಕು ಹನಿ ಚಿಮುಕಿಸಿದರೆ ಮುಗಿಯಿತು. ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಅವರು ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ, ಆಸೆಗಣ್ಣಿನಿಂದ ನೋಡುತ್ತ ನಿಲ್ಲುತ್ತಿದ್ದರು.

ನನ್ನ ಮಗಳ ದೀಕ್ಷಾಸ್ನಾನ ಹತ್ತಿರ ಬಂತು. ಕೂಸು ಸೀನಿದರೂ ನಿದ್ದೆಗೆಡುವವನು ನಾನು. ಪಾಸ್ಟರೇ ನಂಬದ ದೀಕ್ಷೆ ಸ್ವರ್ಗದಲ್ಲಿ ಲೆಕ್ಕಕ್ಕೆ ಬಂದೀತೇ ಎಂಬ ಚಿಂತೆ ಹತ್ತಿತು.

"ನಿಮಗ ಮನಸಿಲ್ಲಂದ್ರ ಬ್ಯಾರೆಯವರನ್ನ ಕರಸ್ತೀವ್ರಿ," ಎಂದೆ.

"ಫಿಕರ್ ಮಾಡಬ್ಯಾಡ್ರಿ," ಎಂದರು, ಎಂದಿನಂತೆ. "ಚರ್ಚ್ ನಿಮ್ದು, ಪದ್ಧತಿ ನಿಮ್ದು. ನಾ ಖುಷೀಲೆ ಮಾಡ್ತೀನ್ರಿ."

ಭಾನುವಾರ ಪಾಸ್ಟರು ನಿಲುವಂಗಿಯ ತೋಳು ಮೇಲೇರಿಸಿ, ಬಟ್ಟಲಿನಿಂದ ಅಂಗೈ ತುಂಬ ನೀರು ತೆಗೆದು ಮಗಳ ತಲೆಗೆ ಸುರಿದರು. ಮತ್ತೆ ಸುರಿದರು. ಮಗಳು ಕಿರುಚಿದಳು. ನನ್ನ ಅವ್ವ ಎದ್ದೇಬಿಟ್ಟಳು.

"ಸಾಕ್ರೀ ಪಾಸ್ಟರ್ರ! ಕೂಸಿಗಿ ನೆಗಡಿ ಆಗ್ತದ!"

ಪಾಸ್ಟರು ನಗುತ್ತ ಬಟ್ಟಲನ್ನೇ ಎತ್ತಿ, ಉಳಿದದ್ದನ್ನೂ ಸುರಿದರು.

"ಇದಿಷ್ಟು ನನ್ನ ಸಮಾಧಾನಕ್ಕರಿ, ಅವ್ವಾರ."

ಸ್ವರ್ಗದ ಚಿಂತೆಯನ್ನು ಅಲ್ಲಿಗೇ ಬಿಟ್ಟು ನಾನು ಟವೆಲಿಗೆ ಓಡಿದೆ.