ಇಬ್ಬರೂ ಒಬ್ಬರಿಗೊಬ್ಬರು ಹೇಳದ ಕಾಯಿಲೆ

ತೊಂಬತ್ತರ ದಶಕದಲ್ಲಿ ಕೆಲ ಕಾಲ ನಾನು ಸಿಂಧನೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಒಂದು ಅಧ್ಯಯನದ ಕೆಲಸಕ್ಕೆ ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಹೊಸದಾಗಿ ಮದುವೆಯಾದವರು ತಮ್ಮ ದೇಹದ ಬಗ್ಗೆ, ಗುಪ್ತ ಕಾಯಿಲೆಗಳ ಬಗ್ಗೆ ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ, ಏನು ಮುಚ್ಚಿಡುತ್ತಾರೆ ಎಂದು ತಿಳಿಯಬೇಕಿತ್ತು. ನಾನು ಹೆಂಗಸರನ್ನು ಮಾತಾಡಿಸುತ್ತಿದ್ದೆ, ನನ್ನ ಸಹೋದ್ಯೋಗಿ ಗಂಡಸರನ್ನು. ಗಂಡ ಹೇಳಿದ್ದು ಹೆಂಡತಿಗೆ, ಹೆಂಡತಿ ಹೇಳಿದ್ದು ಗಂಡನಿಗೆ ನಮ್ಮಿಂದ ತಿಳಿಯಕೂಡದು ಎಂಬುದು ಕಟ್ಟುನಿಟ್ಟು.

ಜವಳಗೇರಾದಲ್ಲಿ ಒಬ್ಬಳು ಸಿಕ್ಕಳು. ತವರು ಮಸ್ಕಿ. ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅತ್ತೆ ಹೊರಗೆ ಹೋದ ಮೇಲೆ ಬಾಯಿಬಿಟ್ಟಳು.

"ಬಿಳಿ ಹೋಗಾಕತ್ತೈತ್ರಿ ಅಕ್ಕಾ. ಕಡಿತ ತಡಕೊಳ್ಳಾಕ ಆಗವಲ್ದು."

"ಗಂಡಗ ಹೇಳಿಯೇನವಾ?"

"ಹೆಂಗ ಹೇಳ್ಲಿ? ಮೊದಲ ಛಲೋ ಇದ್ದ. ಈಗ ಮಗ್ಗಲಕ್ಕ ಸೈತ ಬರಂಗಿಲ್ಲ. ಸಂತಿ ದಿನ ಬಂತಂದ್ರ ಲಿಂಗಸುಗೂರಿಗೆ ಹೋಗ್ತಾನ. ಅಲ್ಲಿ ಯಾವಾಕಿನೋ ಅದಾಳ್ರಿ."

ಸಂಜೆ ಬಸ್ಸಿಗೆ ಕಾಯುವಾಗ ಸಹೋದ್ಯೋಗಿ ತಾನು ಕೇಳಿದ್ದನ್ನು ಹೇಳಿದ. ಆ ಗಂಡನಿಗೆ ಉರಿಮೂತ್ರ. ಸಂತೆಯ ದಿನ ಲಿಂಗಸುಗೂರಿನ ಲಾಡ್ಜೊಂದಕ್ಕೆ ಬಂದು ಕೂರುವ ವೈದ್ಯನ ಬಳಿ ಕದ್ದು ಔಷಧಿ ತೆಗೆದುಕೊಳ್ಳುತ್ತಿದ್ದಾನೆ. ಹೆಂಡತಿಗೆ ಗೊತ್ತಾದರೆ ತವರಿಗೆ ಹೋಗಿಬಿಡುತ್ತಾಳೆಂಬ ಅಂಜಿಕೆ. ಅವಳಿಗೆ ತಗುಲೀತೆಂದು ದೂರ ಮಲಗುತ್ತಾನೆ.

ಇಬ್ಬರ ಮಾತೂ ನಮ್ಮ ಬಳಿ ಇತ್ತು, ಹೇಳುವಂತಿರಲಿಲ್ಲ. ಇಂಥ ಕಾಯಿಲೆಗೆ ಗಂಡ ಹೆಂಡತಿ ಜೊತೆಯಲ್ಲೇ ಔಷಧಿ ತೆಗೆದುಕೊಳ್ಳಬೇಕು, ಸಿಂಧನೂರಿನ ಸರಕಾರಿ ಆಸ್ಪತ್ರೆಗೆ ಹೋಗಿ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದೆವು. ನಾವು ಮುಂದಿನ ಸಲ ಹಳ್ಳಿಗೆ ಹೋದಾಗಲೂ ಇಬ್ಬರೂ ಆಸ್ಪತ್ರೆಗೆ ಹೋಗಿರಲಿಲ್ಲ.

"ಏನಂತ ಹೇಳ್ಲಿ ಅಂವಗ? ಬಾಯೇ ಬರವಲ್ದು," ಎಂದಳು.

"ನಾನೇ ನಿನ್ನ ಗಂಡ ಅನ್ಕೋ. ನನಗ ಹೇಳು."

ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿ, "ನನಗ ಆರಾಮಿಲ್ರಿ," ಎಂದಳು. "ಏನಾಗೈತಿ?" ಎಂದೆ. ಅಷ್ಟಕ್ಕೇ ಮುಖ ಮುಚ್ಚಿಕೊಂಡಳು. ಮತ್ತೆ ಮೊದಲಿಂದ ಶುರುಮಾಡಿ, ಹೇಗೋ ಪೂರ್ತಿ ಹೇಳಿದಳು.

ನಂತರ ಹೋದಾಗ ಅವಳು ಅಲ್ಲಿರಲಿಲ್ಲ, ಮಸ್ಕಿಗೆ ಹೋಗಿದ್ದಳು. ಅಲ್ಲಿಗೆ ಹೋಗಿ ಕಂಡೆ.

"ಹೇಳಿದೆ. ಉಣ್ಣಾಂವ ಕೈ ತೊಳಕೊಂಡು ಎದ್ದ. ನನಗೂ ಐತಿ ಅಂದ. ಲಗ್ನಕ್ಕಿಂತ ಮುಂಚೆ ದೋಸ್ತರ ಕೂಡ ಎಲ್ಲೋ ಹೋಗಿದ್ನಂತ, ಅಲ್ಲಿಂದ ಬಂದಿದ್ದಂತ. ಲಿಂಗಸುಗೂರಿಗೆ ಹೋಗ್ತಿದ್ದದ್ದು ಔಷಧಕ್ಕಂತ, ಅಲ್ಲಿ ಯಾವಾಕಿನೂ ಇಲ್ಲಂತ ಗೊತ್ತಾತು. ಸಿಟ್ಟು ಮಾತ್ರ ಹೋಗವಲ್ದು," ಎಂದಳು.

ಸಿಟ್ಟು ಬಿಡು ಎಂದು ನಾನು ಹೇಳಲಿಲ್ಲ. ಆಸ್ಪತ್ರೆಗೆ ಮಾತ್ರ ತಡಮಾಡಬೇಡ ಎಂದೆ.

ಗಂಡ ಕರೆಯಲು ಬಂದಾಗ, ಮೊದಲು ದವಾಖಾನೆ, ಆಮೇಲೆ ಮನೆ ಎಂದಳಂತೆ. ಸಿಂಧನೂರಿನಲ್ಲಿ ಬಸ್ಸಿಳಿದು ನನ್ನ ಕೋಣೆಗೆ ಬಂದು, ನೀವೂ ಬರ್ರಿ ಎಂದು ನನ್ನನ್ನು ಹೊರಡಿಸಿದಳು. ವೈದ್ಯೆ ಇಬ್ಬರನ್ನೂ ಪರೀಕ್ಷಿಸಿ ಮಾತ್ರೆ ಬರೆದುಕೊಟ್ಟರು. ಪೂರ್ತಿ ಮುಗಿಸಬೇಕು, ಅಲ್ಲಿಯವರೆಗೆ ದೂರವಿರಬೇಕು ಎಂದರು. ಮಾತ್ರೆ ಕೊಡುವ ಕಿಟಕಿ ಇನ್ನೂ ತೆರೆದಿರಲಿಲ್ಲ. ಇಬ್ಬರೂ ಬೆಂಚಿನ ಆ ತುದಿ ಈ ತುದಿಗೆ ಕೂತರು.

"ಭಾಳ ತ್ರಾಸ ಆಗೈತೇನು?" ಎಂದು ಅವನು ಕೇಳಿದ.

"ಈಗ ಕೇಳಾಕತ್ತೀಯಲ್ಲ," ಎಂದಳು. ಆದರೂ ಹೇಳತೊಡಗಿದಳು: ಯಾವಾಗ ಶುರುವಾಯಿತು, ಕೆಸರಿನಲ್ಲಿ ಬಗ್ಗಿ ಕೆಲಸ ಮಾಡುವಾಗ ಹೇಗಾಗುತ್ತಿತ್ತು. ಅವನು ನೆಲ ನೋಡುತ್ತ ಕೇಳಿಸಿಕೊಂಡ. ನಾನು ಎದ್ದು ಹೊರಗೆ ಹೋದೆ.

ಇಬ್ಬರಿಗೂ ಕಾಯಿಲೆ ವಾಸಿಯಾಯಿತು. ಆದರೆ ಸಿಟ್ಟಿಳಿಯದೆ ಆಸ್ಪತ್ರೆಯಿಂದ ಮಸ್ಕಿಗೇ ಮರಳಿದ್ದ ಅವಳು ಜವಳಗೇರಾಕ್ಕೆ ಹೋದದ್ದು ಬಹಳ ತಡವಾಗಿ, ಸುಗ್ಗಿ ಮುಗಿದ ಮೇಲೆ. ಅಲ್ಲಿಯವರೆಗೆ ಅವನೇ ಆಗಾಗ ಮಸ್ಕಿಗೆ ಬಂದು, ಅಂಗಳದಲ್ಲಿ ಕೂತು ಮಾತಾಡಿ ಹೋಗುತ್ತಿದ್ದ.