ಮಂಗಳ ಗ್ರಹದ ಜೋಳ

ಗೋವಾದ ಚಿಂಬಲ್‌ನ ನಮ್ಮ ಕನ್ನಡ ಶಾಲೆಗೆ ಏಳನೇ ತರಗತಿಯೇ ಕೊನೆ. ಅಲ್ಲಿಂದ ಮುಂದೆ ಗಂಡು ಹುಡುಗರು ಗೌಂಡಿ ಕೆಲಸಕ್ಕೆ ಹೋಗುತ್ತಿದ್ದರು, ಹುಡುಗಿಯರು ಮನೆಯಲ್ಲಿ ಕೂಸು ಎತ್ತಿಕೊಂಡು ಕೂರುತ್ತಿದ್ದರು. ನಾನು ಧಾರವಾಡದ ಕಡೆಯಿಂದ ಹೋಗಿ ಆ ತಗಡಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪ್ರತಿ ವರ್ಷ ಏಳನೆಯವರನ್ನು ಬೀಳ್ಕೊಟ್ಟ ಮೇಲೆ ಒಂದು ವಾರ ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಕಲಿಸುವ ಹೆಂಗಸಿಗೆ ನಮ್ಮವರು ಬಾಯಿ ಅನ್ನುತ್ತಾರೆ, ನನಗೆ ಸಿಟ್ಟಿನ ಬಾಯಿ ಅಂತ ಹೆಸರು ಬಿದ್ದಿತ್ತು. ಸಿಟ್ಟು ಬರದೆ ಏನು ಮಾಡಬೇಕು? ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತಿತ್ತು.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಮಡಗಾಂವದ ಒಂದು ಸಂಸ್ಥೆಯವರು ಮಕ್ಕಳಿಗಾಗಿ ವಿಜ್ಞಾನ ಪ್ರದರ್ಶನ ಏರ್ಪಡಿಸಿದರು. ಮನುಷ್ಯರು ಬೇರೆ ಗ್ರಹದಲ್ಲಿ ಬದುಕಬಹುದೇ ಎಂಬುದು ವಿಷಯ. ಗೆದ್ದ ಒಂದು ಮಗುವಿಗೆ ದೀಪಾವಳಿ ಮುಗಿದ ಕೂಡಲೇ ಅವರ ವಸತಿ ಶಾಲೆಯಲ್ಲಿ ಜಾಗ, ಹತ್ತನೆಯವರೆಗೆ ಊಟ, ಬಟ್ಟೆ, ಓದು ಎಲ್ಲ ಅವರದೇ. ಆ ಕಾಗದ ಓದಿದಾಗ ನನ್ನ ಕಣ್ಣ ಮುಂದೆ ಬಂದವಳು ಒಬ್ಬಳೇ ಹುಡುಗಿ.

ಅವಳು ವಿಜಾಪುರದ ಕಡೆಯವಳು, ಏಳನೆಯಲ್ಲಿದ್ದಳು. ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಹುಡುಗಿಯಲ್ಲ. ಉತ್ತರ ಹೇಳಿ ನನಗೇ ಇನ್ನೊಂದು ಪ್ರಶ್ನೆ ಹಾಕುತ್ತಿದ್ದಳು. ಅವಳ ಅಪ್ಪ ಗೌಂಡಿ. ದೀಪಾವಳಿ ಆದಮೇಲೆ ಸಂಸಾರವೆಲ್ಲ ದಾಬೋಲಿಮ್‌ನ ದೊಡ್ಡ ಕಟ್ಟಡದ ಕೆಲಸಕ್ಕೆ ಹೊರಡುವುದಿತ್ತು. ಅವ್ವನೂ ಕೆಲಸಕ್ಕೆ ನಿಂತರೆ ಅಂಬೆಗಾಲಿಡುವ ತಮ್ಮನನ್ನು ನೋಡುವವರು ಬೇಕು. ಅದಕ್ಕಾಗಿ ಇವಳ ಶಾಲೆ ಬಿಡಿಸುವುದು ನಿಶ್ಚಯವಾಗಿತ್ತು. ನಾನು ಅವರ ಮನೆ ಬಾಗಿಲಲ್ಲಿ ಕೂತು ಬೇಡಿಕೊಂಡೆ. ಅವಳ ಅಪ್ಪ, "ಗೆದ್ದರ ಕಳಸ್ತೀನ್ರಿ ಬಾಯಾರ. ಗೆಲ್ಲಲಿಲ್ಲಂದ್ರ ನೀವು ಮತ್ತ ಕೇಳಾಕ ಬರಬ್ಯಾಡ್ರಿ," ಎಂದ. ಒಳ್ಳೆಯ ಮನುಷ್ಯ. ಮಾತಿಗೆ ತಪ್ಪುವವನಲ್ಲ, ಎರಡೂ ಕಡೆಗೂ.

ಹೆಡ್ ಮಾಸ್ತರರು ನಕ್ಕರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಬೇಕೇ ಎಂದರು. ಇಲ್ಲಿ ಶೌಚಾಲಯಕ್ಕೆ ನೀರಿಲ್ಲ, ಇವರು ಮಂಗಳ ಗ್ರಹಕ್ಕೆ ಹೊರಟಿದ್ದಾರೆ ಎಂದರು. ನಾನು ಬಾಗಿಲು ಎಳೆದುಕೊಂಡು ಬಂದೆ.

ತರಗತಿಯಲ್ಲಿ ಮಾತ್ರ ಸುಗ್ಗಿ. ಬೇರೆ ಗ್ರಹಕ್ಕೆ ಹೋದರೆ ಮೊದಲು ಏನು ಬೇಕು ಎಂದು ಕೇಳಿದೆ. ಸೂರಿಗೆ ಹೊದಿಸಲು ತಾಡಪತ್ರಿ ಅಂದರು, ನೀರಿನ ಬ್ಯಾರಲ್ ಅಂದರು. ಅಲ್ಲಿ ಕೂಲಿ ಮಾಡಿಸೋ ಮುಕಾದಮ ಯಾರು, ಪಗಾರ ಶನಿವಾರ ಕೊಡ್ತಾನೋ ಇಲ್ಲೋ ಎಂದು ಒಬ್ಬ ಕೇಳಿದ. ಅಲ್ಲಿಯ ಮಂದಿ ಕೊಂಕಣಿ ಮಾತಾಡ್ತಾರೋ ಮರಾಠಿಯೋ ಎಂದು ಇನ್ನೊಬ್ಬಳು. ಅಲ್ಲಿ ಮಂದಿಯೇ ಇಲ್ಲ, ಉಸಿರಾಡಲು ಗಾಳಿಯೂ ಇಲ್ಲ ಎಂದು ನಾನು ಹೇಳಿದೆ. ನಮ್ಮ ಹುಡುಗಿ, ಹಾಗಾದರೆ ಗಾಳಿಯನ್ನು ಕಟ್ಟಿಕೊಂಡು ಹೋಗಬೇಕು, ಅದು ತೀರಿದರೆ ಅಲ್ಲಿಯೇ ಹುಟ್ಟಿಸುವುದು ಹೇಗೆ ಎಂದು ಕೇಳಿದಳು. ನಮ್ಮ ಪ್ರಯೋಗ ಹುಟ್ಟಿದ್ದು ಆ ಪ್ರಶ್ನೆಯಿಂದ.

ಗುಜರಿಯವನ ಹತ್ತಿರ ಮೀನು ಸಾಕುವ ಹಳೆಯ ಗಾಜಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಕೆಂಪು ಮಣ್ಣು ತುಂಬಿ, ಜೋಳ ಗೋಧಿ ಬಿತ್ತಿ, ಒಮ್ಮೆ ನೀರು ಚಿಮುಕಿಸಿ, ಗೋಡೆಯ ಮೇಲಿನ ಒಂದು ಬಸವನ ಹುಳುವನ್ನು ಒಳಗೆ ಬಿಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ ಟೇಪು ಸುತ್ತಿದೆವು. ಇನ್ನು ಒಳಗೆ ಏನೂ ಹೋಗಬಾರದು, ಒಳಗಿಂದ ಏನೂ ಬರಬಾರದು. ಗಿಡ ಗಾಳಿ ಮಾಡಬೇಕು, ಹುಳು ಬದುಕಬೇಕು, ಗಾಜಿಗೆ ಹತ್ತಿದ ಹನಿಯೇ ಮತ್ತೆ ಮಳೆಯಾಗಿ ಬೀಳಬೇಕು. ಮಕ್ಕಳು ಹುಳುವಿಗೆ ಮುಕಾದಮ ಎಂದೇ ಹೆಸರಿಟ್ಟರು.

ದಸರೆ ರಜೆಯಲ್ಲಿ ಶಾಲೆಗೆ ಬೀಗ ಹಾಕುತ್ತಾರೆ, ತಗಡು ಸೋರುತ್ತದೆ ಬೇರೆ. ಹಾಗಾಗಿ ಪೆಟ್ಟಿಗೆಯನ್ನು ಹುಡುಗಿಯ ಮನೆಯಲ್ಲಿಟ್ಟೆವು. ಮನೆ ಎಂದರೆ ಬಾಡಿಗೆಯ ಒಂದೇ ಖೋಲಿ, ಅದಕ್ಕೊಂದು ಕಿಟಕಿ. ಅವಳ ಅವ್ವ ಕಿಟಕಿಯ ಕೆಳಗಿನ ಜಾಗ ಸಾರಿಸಿ, ರಂಗೋಲಿ ಎಳೆದು ಕೊಟ್ಟಳು. ಬೀಜವನ್ನೂ ಅವಳೇ ಊರಿನ ಗಂಟಿನಿಂದ ತೆಗೆದುಕೊಟ್ಟಿದ್ದಳು. ನಾನು ನೋಡಲು ಹೋದಾಗಲೆಲ್ಲ ಪೆಟ್ಟಿಗೆಯ ಪಕ್ಕದಲ್ಲಿ ಎಣ್ಣೆಯ ದೀಪ ಉರಿಯುತ್ತಿತ್ತು. ನಮ್ಮ ಕಡೆ ನವರಾತ್ರಿಯಲ್ಲಿ ದೀಪ ಇಡದ ಮನೆ ಯಾವುದಿದೆ ಎಂದುಕೊಂಡು ಸುಮ್ಮನಾದೆ. ಸಸಿ ಏನು ಚೆಂದ ಬಂತು! ಗಾಜಿಗೆ ಮುಖ ಹಚ್ಚಿ ನೋಡಿದರೆ ಎಳೆಯ ಹಸಿರಿನ ಒತ್ತಾದ ಸಾಲು, ನಡುವೆ ಮುಕಾದಮನ ಮೆರವಣಿಗೆ. ಬಹಳ ವರ್ಷಗಳ ಮೇಲೆ ನನಗೆ ಆಸೆ ಹುಟ್ಟಿತು. ಆಸೆ ಹುಟ್ಟಿದ್ದಕ್ಕೆ ರಾತ್ರಿ ನಿದ್ದೆಯೂ ಕೆಟ್ಟಿತು.

ಪ್ರದರ್ಶನ ಇದ್ದದ್ದು ದಸರೆಯ ಮರುದಿನ. ಹಬ್ಬದ ಬೆಳಿಗ್ಗೆ ಹುಡುಗಿ ಮತ್ತು ನಾನು ನನ್ನ ಖೋಲಿಯಲ್ಲಿ ಕೂತು ಚಿತ್ರಗಳಿಗೆ ಬಣ್ಣ ತುಂಬಿ, ಹೇಳಬೇಕಾದ್ದನ್ನೆಲ್ಲ ಹೇಳಿ ಹೇಳಿ ಗಟ್ಟಿ ಮಾಡಿಕೊಂಡೆವು. ಮಧ್ಯಾಹ್ನ ಪೆಟ್ಟಿಗೆ ತರಲು ಅವರ ಮನೆಗೆ ನಡೆದೆವು. ಓಣಿಯ ತಿರುವಿನಲ್ಲಿ ಒಬ್ಬ ಗೌಂಡಿ ಎದುರಾದ. ಅವನ ಟೋಪಿಯಲ್ಲಿ ಎರಡು ಎಳೆ ಜೋಳದ ಸಸಿ. ಅವನ ಹಿಂದೆ ಬಂದ ಹೆಂಗಸಿನ ತುರುಬಿನಲ್ಲೂ ಸಸಿ. ಹುಡುಗಿ ನನ್ನ ಕೈ ಬಿಟ್ಟು ಓಡಿದಳು.

ಕನ್ನಡದ ಉತ್ತರ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತು: ನವರಾತ್ರಿಯ ಮೊದಲ ದಿನ ಮಣ್ಣು ತಂದು ಧಾನ್ಯ ಬಿತ್ತಿ ಘಟ್ಟ ಹಾಕುತ್ತಾರೆ, ದೀಪ ಕಾಯುತ್ತಾರೆ. ದಸರೆಯ ದಿನ ಸಸಿ ಕೊಯ್ದು ದೇವರಿಗೆ ಏರಿಸಿ, ಗಂಡಸರು ಟೋಪಿಗೆ, ಹೆಂಗಸರು ತಲೆಗೆ ಮುಡಿಯುತ್ತಾರೆ. ಆ ಸಣ್ಣ ಖೋಲಿಯಲ್ಲಿ ಎರಡೆರಡು ಕಡೆ ಮಣ್ಣು ಹಾಕುವುದು ಯಾಕೆಂದು ಅವ್ವ ನಮ್ಮ ಪೆಟ್ಟಿಗೆಯನ್ನೇ ಘಟ್ಟ ಮಾಡಿಕೊಂಡಿದ್ದಳು. ಬ್ಲೇಡಿನಿಂದ ಟೇಪು ಬಿಡಿಸಿ, ಸಸಿಯನ್ನೆಲ್ಲ ಕೊಯ್ದು, ಹುಳುವಿಗೆ ನೋವಾಗದಂತೆ ನೋಡಿಕೊಂಡು, ಟೇಪನ್ನು ಮತ್ತೆ ನಮಗಿಂತ ನೀಟಾಗಿ ಅಂಟಿಸಿದ್ದಳು. ಬೆಳೆದದ್ದನ್ನು ಬಾಯಾರು ನೋಡಿಯಾಯಿತು, ಇನ್ನು ಪೆಟ್ಟಿಗೆ ಒಯ್ದು ತೋರಿಸುವುದಷ್ಟೇ ಬಾಕಿ ಎಂಬುದು ಅವಳ ತಿಳುವಳಿಕೆ.

ಬಾಗಿಲಲ್ಲಿ ನಿಂತು ಖಾಲಿ ಪೆಟ್ಟಿಗೆ ನೋಡಿ ನಾನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ನಗುತ್ತ ಬಂದು ನನ್ನ ತುರುಬಿಗೆ ಸಸಿ ಸಿಕ್ಕಿಸಿ, ಕೈಗೆ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಬಾಯಾರ. ಈ ಸಲ ಘಟ್ಟ ಭಾಳ ಚಲೋ ಬಂತ್ರಿ, ನಿಮ್ಮ ಹುಡುಗಿ ಗೆದ್ದಾ ಗೆಲ್ತಾಳ," ಅಂದಳು. ಬಂಗಾರ ಕೊಡುತ್ತಿರುವ ಕೈಗೆ ಏನೆಂದು ಬೈಯುವುದು? ಇಂಗು ತಿಂದ ಮಂಗನಂತೆ ನಿಂತೆ. ಹುಡುಗಿ ಗೋಡೆಗೆ ಆತು ಕೂತಿದ್ದಳು. ಅಳಲಿಲ್ಲ. ಅವ್ವ ಅವಳ ಜಡೆಗೂ ಸಸಿ ಮುಡಿಸಿದಳು.

ಆಮೇಲೆ ಪೆಟ್ಟಿಗೆ ಹೊತ್ತು ನನ್ನ ಖೋಲಿಗೆ ಬಂದು ಟೇಪು ಮತ್ತೆ ಬಿಡಿಸಿದೆವು. ನನ್ನ ತುರುಬಿನದು, ಅವಳ ಜಡೆಯದು, ದಾರಿಯಲ್ಲಿ ಸಿಕ್ಕವರಿಂದ ಬೇಡಿ ತಂದದ್ದು, ಎಲ್ಲ ಸಸಿಯನ್ನೂ ಒಂದೊಂದಾಗಿ ಆ ಮಣ್ಣಿಗೆ ಚುಚ್ಚಿದೆವು. ಬೇರಿಲ್ಲದ ಸಸಿ ಎಷ್ಟು ಹೊತ್ತು ನಿಂತೀತು? ಮರುದಿನ ಬಸ್ಸು ಜುವಾರಿ ಸೇತುವೆ ದಾಟುವಾಗ ತೊಡೆಯ ಮೇಲಿನ ಪೆಟ್ಟಿಗೆಯಲ್ಲಿ ಒಂದೂ ನಿಂತಿರಲಿಲ್ಲ. ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ವಿಜ್ಞಾನದ ಬಾಯಿ!

ಪ್ರದರ್ಶನದಲ್ಲಿ ನಿರ್ಣಾಯಕರು ನಮ್ಮ ಮೇಜಿನ ಮುಂದೆ ನಿಂತು, ಗಿಡ ಯಾಕೆ ಸತ್ತವು ಎಂದು ಹಿಂದಿಯಲ್ಲಿ ಕೇಳಿದರು. ಗಿಡಕ್ಕೆ ರೋಗ ಬಂತು ಅಂತ ಹೇಳು ಎಂದು ಹುಡುಗಿಗೆ ನಾನೇ ಕಲಿಸಿದ್ದೆ. ಅವಳು ಹಾಗೆ ಹೇಳಲಿಲ್ಲ. ಗಿಡ ಸಾಯಲಿಲ್ಲ, ಹಬ್ಬ ಬಂತು, ಮನೆಯವರು ಕೊಯ್ದು ಮುಡಿದುಕೊಂಡರು ಎಂದಳು ತನ್ನ ಓಣಿಯ ಹಿಂದಿಯಲ್ಲಿ. ಮಂದಿ ಬೇರೆ ಗ್ರಹಕ್ಕೆ ಹೋದರೆ ಅವರ ಹಬ್ಬವೂ ಜೊತೆಗೇ ಹೋಗುತ್ತದೆ, ತಿನ್ನುವುದಕ್ಕೆ ಮತ್ತು ಗಾಳಿಗೆ ಎಷ್ಟು ಬೇಕೋ ಅಷ್ಟೇ ಬಿತ್ತಿದರೆ ಸಾಲದು, ಮುಡಿಯುವುದಕ್ಕೂ ಬಿತ್ತಬೇಕು, ನಾವು ಅದನ್ನು ಮರೆತಿದ್ದೆವು ಎಂದಳು. ಇಷ್ಟು ವರ್ಷ ಕಲಿಸಿದ್ದರಲ್ಲಿ ಅಂಥ ಉತ್ತರ ಕೇಳಿರಲಿಲ್ಲ. ನಿರ್ಣಾಯಕರು ಅವಳ ತಲೆ ಸವರಿ ನಕ್ಕು ಮುಂದೆ ಹೋದರು.

ಗೆದ್ದದ್ದು ಥರ್ಮಾಕೋಲಿನ ಗುಮ್ಮಟ. ಒಳಗೆ ಬಣ್ಣದ ಬಲ್ಬು ಉರಿಯುತ್ತಿದ್ದವು, ಪ್ಲಾಸ್ಟಿಕ್ ಹುಲ್ಲು ಅಂಟಿಸಿದ್ದರು. ನಾನು ಊಟದ ಕೋಣೆಯವರೆಗೂ ಸಂಸ್ಥೆಯವರ ಬೆನ್ನು ಬಿದ್ದು ಹೋದೆ. ಒಂದು ಜಾಗ, ಒಂದೇ ಒಂದು, ಅಡುಗೆ ಮನೆಯಲ್ಲಿ ಮಲಗಿದರೂ ಸರಿ ಎಂದು ಕೈ ಮುಗಿದೆ. ಅವರು ಮರ್ಯಾದೆಯಿಂದಲೇ ಮಾತಾಡಿದರು, ಮುಂದಿನ ವರ್ಷ ಬನ್ನಿ ಎಂದರು. ಮುಂದಿನ ವರ್ಷ ಅವಳು ಎಲ್ಲಿರುತ್ತಾಳೆ ಎಂದು ಅವರಿಗೆ ಹೇಗೆ ತಿಳಿಯಬೇಕು.

ಮರಳುವಾಗ ಬಸ್ಸಿನಲ್ಲಿ ನಾನು ನಿರ್ಧರಿಸಿದ್ದೆ. ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳುವುದು, ತಪ್ಪು ಹುಡುಗಿಯದಲ್ಲ ಎಂದು ಅಪ್ಪನಿಗೆ ತಿಳಿಸುವುದು, ಇನ್ನೊಮ್ಮೆ ಬೇಡುವುದು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದವಳು ನನ್ನ ಮನಸ್ಸು ಓದಿದಂತೆ ತಿರುಗಿ, "ಅವ್ವಗ ಹೇಳಬ್ಯಾಡ್ರಿ ಬಾಯಾರ. ಗೊತ್ತಾದ್ರ ಆಕಿ ಇನ್ನ ಮ್ಯಾಲೆ ಘಟ್ಟಾನ ಹಾಕೂದಿಲ್ರಿ," ಅಂದಳು. ನಿನ್ನ ಓದಿಗಿಂತ ಘಟ್ಟ ದೊಡ್ಡದೇನೇ ಎಂದು ಗದರಿದೆ. ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡಳು.

ಅವ್ವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಗೆದ್ದೆಯೇನು ಎಂದಳು. ಹುಡುಗಿ ಇಲ್ಲವೆಂದು ತಲೆ ಅಲ್ಲಾಡಿಸಿ, "ಅವರು ಕೇಳಿದ್ದಕ್ಕ ಹೇಳಾಕ ಬರಲಿಲ್ಲವ್ವ. ಎಲ್ಲಾ ಮರತೆ," ಅಂದಳು.

ಅವ್ವನ ಮುಖ ಇಳಿಯಿತು. "ಇಷ್ಟು ವರ್ಷ ಸಾಲಿಗೆ ಹೋಗಿ ನಾಕು ಮಾತು ಹೇಳಾಕ ಬರಲಿಲ್ಲಂದ್ರ, ಇನ್ನ ಯಾತಕ್ಕ ಹೋಗಬೇಕು?" ಅಂದವಳು ನನ್ನ ಕಡೆ ತಿರುಗಿದಳು. "ಖರೇ ಏನ್ರಿ ಬಾಯಾರ? ಏನೂ ಹೇಳಲಿಲ್ಲೇನ್ರಿ?"

ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಖರೇ ರೀ," ಅಂದೆ. "ಮರತಳು."

ಅವ್ವ ಕೂಸನ್ನು ಮಗಳ ಕಂಕುಳಿಗೆ ಕೊಟ್ಟು, ದೂರದಿಂದ ಬಂದೀರಿ ಕೂಡ್ರಿ ಬಾಯಾರ ಎಂದು ಹೇಳಿ, ನನಗೆ ಚಹಾ ಇಡಲು ಒಳಗೆ ಹೋದಳು.