ಸರ್ವೆ ನಂಬರ್ ಬರೆಯದ ಚಕ್ಕುಬಂದಿ

ಅವರ ಬಲಗೈ ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪು. ಸರ್ವೆ ಕೆಲಸದಲ್ಲಿದ್ದಾಗ ಗಡಿಕಲ್ಲು ಬಿದ್ದು ಜಜ್ಜಿದ್ದಂತೆ. ಆ ಉಗುರಿನಿಂದಲೇ ಕಂಪ್ಯೂಟರ್ ಪರದೆಯನ್ನು ಟಕಟಕ ಕುಟ್ಟಿ, "ಓದು, ಆಮೇಲೆ ಒತ್ತು" ಎನ್ನುತ್ತಿದ್ದರು. ಐವತ್ತು ದಾಟಿದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊಡ್ಲಿಪೇಟೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ನನಗೆ ಸರ್ವೆಯರ್ ಮಾವ. ನಿವೃತ್ತಿಯಾದ ಮೇಲೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ತಾವೇ ಕಲಿತು, ಊರಿನವರು ಮೂಲೆಗೆ ಹಾಕಿದ್ದ ಕಂಪ್ಯೂಟರ್‌ಗಳಿಗೆಲ್ಲ ಹಾಕಿಕೊಡುತ್ತಿದ್ದರು. ಆದರೆ ಡಿಸ್ಕನ್ನು ಪಾಲು ಮಾಡುವ ಮುಂಚೆ ಕಾಗದದ ಮೇಲೆ ಅದರ ನಕ್ಷೆ ಬರೆಯಲೇಬೇಕು. ಜಮೀನಿನ ಪತ್ರದಲ್ಲಿರುವ ಹಾಗೆ ಯಾವ ಪಾಲಿನ ಆಚೆ ಏನಿದೆ, ಈಚೆ ಏನಿದೆ, ಎಷ್ಟು ಸೆಂಟು. "ಚಕ್ಕುಬಂದಿ ಬರೆದ್ಯಾ?" ಎಂಬುದೇ ಅವರ ನಮಸ್ಕಾರ.

ನನ್ನ ಹಳೆಯ ಡಿಸ್ಕಿನಲ್ಲಿ ಅಪ್ಪನ ಮಳೆ ಇತ್ತು. ಅಪ್ಪ ಬದುಕಿರುವಷ್ಟು ಕಾಲ ತೋಟದಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು, ಇಂಚು ಮತ್ತು ಸೆಂಟಿನಲ್ಲಿ, ಅಂದರೆ ಇಂಚಿನ ನೂರನೇ ಒಂದು ಪಾಲಿನಲ್ಲಿ, ಪುಸ್ತಕಕ್ಕೆ ಬರೆದವರು. ಗೆದ್ದಲು ತಿನ್ನುತ್ತಿದ್ದ ಆ ಪುಸ್ತಕಗಳನ್ನೆಲ್ಲ ಟೈಪ್ ಮಾಡಿ, ಪುಸ್ತಕಗಳನ್ನು ಒಲೆಗೆ ಹಾಕಿದ್ದೆ. ಬೇರೆ ಪ್ರತಿ ಇರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಾವ ನನ್ನ ಕಂಪ್ಯೂಟರಿಗೆ ಹೊಸ ಡಿಸ್ಕೊಂದನ್ನು ಜೋಡಿಸಿ, ನನ್ನ ಮುಂದೆ ಚೀಟಿ ಇಟ್ಟರು: ಮೊದಲನೇ ಡಿಸ್ಕ್ ಖಾಲಿ, ಲಿನಕ್ಸ್‌ಗೆ. ಎರಡನೇದು ಅಪ್ಪನ ಮಳೆ, ಮುಟ್ಟಬಾರದು.

"ನೀವೇ ಮಾಡ್ಕೊಡಿ ಮಾವ."

"ನಾನ್ ಮಾಡಿದ್ರೆ ನಿಂಗೆ ಯಾವಾಗ್ ಬರೋದು? ಮಂಕು ತರ ಕೂರ್ಬೇಡ, ಓದ್ಕೊಂಡ್ ಒತ್ತು." ಅಷ್ಟು ಹೇಳಿ ಕಾಫಿ ಕುಡಿಯಲು ಮನೆಗೆ ಹೋದರು.

ಮಂಕು ಎಂದದ್ದು ಕಿವಿಯಲ್ಲೇ ಇತ್ತು. ಪರದೆಯ ಮೇಲೆ ಮೊದಲನೆಯದಾಗಿ ಬಂದ ಡಿಸ್ಕನ್ನು ಆರಿಸಿದೆ. ಎಲ್ಲ ಅಳಿಸಲೇ ಎಂದು ಅದು ಕೇಳಿತು. ಹೌದು ಎಂದೆ. ಮಾವ ವಾಪಸು ಬಂದು ಪರದೆ ನೋಡಿದವರೇ ಗೋಡೆಯ ಪ್ಲಗ್ಗನ್ನು ಕಿತ್ತೆಸೆದರು. ಪರದೆಯಲ್ಲಿ ಡಿಸ್ಕುಗಳ ಸರದಿ ಅದಲುಬದಲಾಗಿತ್ತು. ನಾನು ಅಳಿಸಿದ್ದು ಅಪ್ಪನ ಮಳೆಯನ್ನು.

ಬೀದಿಗೆ ಕೇಳುವ ಹಾಗೆ ಕೂಗಾಡಿದೆ. "ನಿಮ್ ಚೀಟಿ ನೋಡೇ ಮಾಡಿದ್ದು ನಾನು. ಸರಿಯಾಗ್ ಗೊತ್ತಿಲ್ದಿದ್ರೆ ಯಾಕ್ ಹೇಳ್ಕೊಡೋಕ್ ಬಂದ್ರಿ?"

ಪರದೆ ಕುಟ್ಟುತ್ತಿದ್ದ ಮನುಷ್ಯ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. "ತಪ್ಪು ನಂದೇ ಕಣಮ್ಮ. ಡಿಸ್ಕಿನ ಮೇಲಿನ ನಂಬರ್ ಬರೀಬೇಕಿತ್ತು. ಸರ್ವೆ ನಂಬರ್ ಇಲ್ದೆ ಚಕ್ಕುಬಂದಿ ಬರ್ದುಬಿಟ್ಟೆ."

ಮೂರು ದಿನ ನಮ್ಮ ಜಗಲಿಯಲ್ಲಿ ಕೂತರು. ಅಳಿಸಿಹೋದ ಪಾಲುಗಳ ಹಳೆಯ ಗಡಿ ಹುಡುಕುವ ಪ್ರೋಗ್ರಾಂ ಒಂದಿದೆ. ಅದನ್ನು ಓಡಿಸಿ, ಸಿಕ್ಕ ಒಂದೊಂದು ಗುರುತನ್ನೂ ಕಾಗದಕ್ಕೆ ಇಳಿಸಿಕೊಂಡರು. ನಾನು ಕಾಫಿ ಇಟ್ಟು ಒಳಗೆ ಹೋಗುತ್ತಿದ್ದೆ. ಮೂರನೆಯ ದಿನ ಮಳೆಯ ಲೆಕ್ಕವಿದ್ದ ಪಾಲು ಹಾಗೇ ಸಿಕ್ಕಿತು. ಅಪ್ಪನ ಮಳೆ ಒಂದು ಸೆಂಟೂ ಕಮ್ಮಿಯಾಗಿರಲಿಲ್ಲ.

ಆದರೆ ಊರಿಗೆ ಸುದ್ದಿ ಸಿಕ್ಕಿತ್ತು. ಸರ್ವೆಯರೇ ಗಡಿ ತಪ್ಪಿದರಂತೆ ಎಂದು ಹೋಟೆಲಿನಲ್ಲಿ ನಗು. ಮಾವ ಹೌದು ಎನ್ನುತ್ತಿದ್ದರು. ಕಂಪ್ಯೂಟರ್ ಹೊತ್ತು ತರುವವರು ಕಮ್ಮಿಯಾದರು, ಆಮೇಲೆ ನಿಂತೇಹೋದರು. ನಾನು ಬಾಯಿ ಬಿಡಲಿಲ್ಲ.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ತಿಥಿಯ ಊಟಕ್ಕೆ ಕೂತಾಗ ಪಂಕ್ತಿಯಲ್ಲಿ ಒಬ್ಬ ಅದೇ ಕತೆ ತೆಗೆದು ನಕ್ಕ. ನನಗೆ ಎಲ್ಲಿತ್ತೋ ಸಿಟ್ಟು, ಎಲೆ ಮುಂದೆಯೇ ಎದ್ದು ನಿಂತೆ.

"ನಗೋದ್ ನಿಲ್ಸಿ. ಹೊಸಾ ಡಿಸ್ಕ್ ಖಾಲಿ ಇರ್ಬೇಕಿತ್ತು. ನಾನ್ ಆರಿಸಿದ್ರಲ್ಲಿ ಹಳೇ ಪಾಲುಗಳು ಕಾಣಿಸ್ತಿದ್ವು. ಅದನ್ನ ಓದಿದೆ. ಮಂಕು ಅಂದ್ರಲ್ಲ ಅನ್ನೋ ಸಿಟ್ಟಿಗೆ, ಓದಿ, ಗೊತ್ತಿದ್ದೇ ಒತ್ತಿದೆ."

ಬಡಿಸುವವರು ಸಾರಿನ ಬಕೆಟ್ ಹಿಡಿದು ನಿಂತೇ ಇದ್ದರು. ಇಷ್ಟು ಹೇಳಲು, ಆ ಮನುಷ್ಯ ಬದುಕಿದ್ದಾಗ ನನಗೆ ಏನು ಧಾಡಿಯಾಗಿತ್ತು?